ಹೆಂಡತಿಯ ವೀಸಾ, ಗಂಡನ ಸಂಬಳ ಮತ್ತು ಐ-864: ವಕೀಲರನ್ನು ಕೇಳಿ

ನಿರ್ವಾಹಕ: ಅಮೆರಿಕದಲ್ಲಿರುವವರು ಸಂಗಾತಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುವಾಗ ‘ಇವರನ್ನು ನೋಡಿಕೊಳ್ಳುವ ಹೊಣೆ ನನ್ನದು’ ಎಂದು ಸಹಿ ಹಾಕುವ ಕಾಗದವೇ ಐ-864. ಈ ಶನಿವಾರ ಅದರ ಬಗ್ಗೆ ಮಾತ್ರ ಕೇಳಿ. ನ್ಯೂಜೆರ್ಸಿಯಲ್ಲಿ ವಲಸೆ ಕಾನೂನಿನ ವಕೀಲೆಯಾಗಿರುವ ನಮ್ಮ ಸದಸ್ಯೆ ಬಿಡುವು ಮಾಡಿಕೊಂಡು ಉತ್ತರಿಸುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆ, ಕೇಸ್ ಸಂಖ್ಯೆ ಹಾಕಬೇಡಿ.

ಹಾಸನ ಮೂಲ: ಮೇಡಂ, ನಮಸ್ಕಾರ. ಮಗಳ ಗಂಡ ಅಲ್ಲಿಂದ ಐ-864 ಕಳುಹಿಸುತ್ತಾನೆ. ಅದನ್ನು ನೂರು ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಬೇಕೇ?

ವಕೀಲೆ: ನಮಸ್ಕಾರ. ಬೇಡ. ಛಾಪಾ ಕಾಗದವೂ ಬೇಡ, ನೋಟರಿಯೂ ಬೇಡ. ‘ಸುಳ್ಳಾದರೆ ಶಿಕ್ಷೆಗೆ ಒಳಗಾಗುತ್ತೇನೆ’ ಎಂಬ ಒಕ್ಕಣೆಯ ಕೆಳಗೆ ಅಳಿಯಂದಿರು ಪೆನ್ನಿನಿಂದ ಸಹಿ ಹಾಕಿದರೆ ಸಾಕು. ಟೈಪ್ ಮಾಡಿದ ಹೆಸರು ಸಹಿಯಾಗುವುದಿಲ್ಲ.

ಡಲ್ಲಾಸ್ ಸಾರಥಿ: ನಾನು ಟ್ಯಾಕ್ಸಿ ಓಡಿಸುತ್ತೇನೆ, ಅಮೆರಿಕದ ಪ್ರಜೆ. ಕಳೆದ ವರ್ಷ ಆ್ಯಪ್‌ನಿಂದ ಬಂದದ್ದು 58,000 ಡಾಲರ್. 2025ರ ಪಟ್ಟಿಯಂತೆ ಇಬ್ಬರ ಮನೆಗೆ ಬೇಕಾದ ಕನಿಷ್ಠ ವಾರ್ಷಿಕ ಆದಾಯ 26,437 ಎಂದು ಓದಿದೆ. ಹಾಗಾದರೆ ಚಿಂತೆಯಿಲ್ಲ, ಅಲ್ಲವೇ?

ವಕೀಲೆ: ತೆರಿಗೆ ರಿಟರ್ನ್‌ನಲ್ಲಿ ಪೆಟ್ರೋಲು, ಕಾರಿನ ಸವಕಳಿ, ಮೊಬೈಲ್ ಬಿಲ್ಲು ಎಲ್ಲ ಕಳೆದು ಲಾಭ ಎಷ್ಟು ತೋರಿಸಿದ್ದೀರಿ?

ಡಲ್ಲಾಸ್ ಸಾರಥಿ: 15,200.

ವಕೀಲೆ: ಹಾಗಾದರೆ ನಿಮ್ಮ ಆದಾಯ 15,200. ತೆರಿಗೆ ಉಳಿಸುವಾಗ ಬಡವರಾಗಿ, ಹೆಂಡತಿಯನ್ನು ಕರೆಸುವಾಗ ಶ್ರೀಮಂತರಾಗಲು ಬರುವುದಿಲ್ಲ. ನಿಮ್ಮ ಜೊತೆಗೆ ಸಹಿ ಹಾಕಿ ಹೊಣೆ ಹೊರುವ ಜಂಟಿ ಪ್ರಾಯೋಜಕರನ್ನು ಹುಡುಕಿ.

ಎಡಿಸನ್ ನಿವಾಸಿ: ಜಂಟಿ ಪ್ರಾಯೋಜಕ ಎಂದರೆ ರಕ್ತಸಂಬಂಧಿಯೇ ಆಗಿರಬೇಕೇ? ಕೆನಡಾದ ಸೋದರಮಾವ ಒಪ್ಪಿದ್ದಾರೆ.

ವಕೀಲೆ: ಸಂಬಂಧ ಬೇಕಿಲ್ಲ, ಸ್ನೇಹಿತರಾದರೂ ಆದೀತು. ಆದರೆ 18 ತುಂಬಿರಬೇಕು, ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವರಾಗಿರಬೇಕು, ವಾಸ ಅಮೆರಿಕದಲ್ಲೇ ಇರಬೇಕು. ಕೆನಡಾದ ಮಾವ ಆಗುವುದಿಲ್ಲ. ಜಂಟಿ ಪ್ರಾಯೋಜಕರು ಸಿಕ್ಕರೂ ಅರ್ಜಿದಾರರು, ಅಂದರೆ ಸಂಗಾತಿಯನ್ನು ಕರೆಸುವವರು, ತಮ್ಮ ಐ-864 ಕೊಡಲೇಬೇಕು, ಆದಾಯ ಸೊನ್ನೆಯಿದ್ದರೂ.

ತೀರ್ಥಹಳ್ಳಿ ಸೊಸೆ: ಮೇಡಂ, ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ನನ್ನ ಗಂಡ ಒಹಾಯೊದಲ್ಲಿ ಗೋದಾಮೊಂದರಲ್ಲಿ ಮೇಲ್ವಿಚಾರಕರು, ಅಲ್ಲಿನ ಪ್ರಜೆ. ಸಂಬಳ ವರ್ಷಕ್ಕೆ 36,400 ಡಾಲರ್. 2022ರಲ್ಲಿ ಅತ್ತೆ-ಮಾವನಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದರು. ಮಾವನಿಗೆ ಅಲ್ಲಿನ ಚಳಿ ಹಿಡಿಸಲಿಲ್ಲ, ತೋಟದ್ದೇ ಧ್ಯಾನ. ಒಂದು ವರ್ಷ ತುಂಬುವ ಮೊದಲೇ ಇಬ್ಬರೂ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ಎರಡೂ ಕಾರ್ಡುಗಳು ಅತ್ತೆಯ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿವೆ. ನನ್ನ ಐ-864ರಲ್ಲಿ ಮನೆಯವರ ಸಂಖ್ಯೆ 2 ಎಂದು ಬರೆದಿದ್ದೇವೆ, ಗಂಡ ಮತ್ತು ನಾನು. ಇನ್ನೂ ಸಲ್ಲಿಸಿಲ್ಲ. ಸರಿಯಿದೆಯೇ?

ವಕೀಲೆ: ಸಲ್ಲಿಸಿಲ್ಲ ಎಂದಿರಲ್ಲ, ಒಳ್ಳೆಯದಾಯಿತು. ಸರಿಯಿಲ್ಲ.

ಅತ್ತೆ-ಮಾವನನ್ನು ಕರೆಸುವಾಗಲೂ ನಿಮ್ಮ ಯಜಮಾನರು ಇದೇ ಐ-864ಕ್ಕೆ ಸಹಿ ಹಾಕಿದ್ದಾರೆ. ಆ ಹೊಣೆ ಮುಗಿಯುವವರೆಗೂ ಅವರಿಬ್ಬರೂ ಲೆಕ್ಕದಲ್ಲಿ ಇರುತ್ತಾರೆ, ಅವರು ತೀರ್ಥಹಳ್ಳಿಯಲ್ಲಿ ಅಡಿಕೆ ಸುಲಿಸುತ್ತಿದ್ದರೂ ಸರಿ. ‘ಈ ಹಿಂದೆ ನೀವು ಪ್ರಾಯೋಜಿಸಿದವರಲ್ಲಿ ಈಗ ಕಾಯಂ ನಿವಾಸಿಗಳಾಗಿರುವವರು ಎಷ್ಟು ಮಂದಿ’ ಎಂದು ಅರ್ಜಿಯೇ ಕೇಳುತ್ತದೆ. ಅಷ್ಟು ದಿನ ಹೊರಗಿದ್ದ ಮೇಲೆ ಆ ಕಾರ್ಡ್ ತೋರಿಸಿ ಒಳಗೆ ಹೋಗುವುದು ಕಷ್ಟ. ಆದರೆ ದಾಖಲೆಯಲ್ಲಿರುವ ಅವರ ಸ್ಥಾನ ತಾನಾಗಿ ಅಳಿಸಿಹೋಗುವುದಿಲ್ಲ. ಅವರೇ ಐ-407 ಎಂಬ ಅರ್ಜಿಗೆ ಸಹಿ ಹಾಕಿ ಕಾರ್ಡ್ ಹಿಂತಿರುಗಿಸಬೇಕು, ಇಲ್ಲವೇ ವಲಸೆ ನ್ಯಾಯಾಲಯ ತೀರ್ಮಾನಿಸಬೇಕು. ಹಾಗಾಗಿ ನಿಮ್ಮ ಸಂಖ್ಯೆ 4. ಅಮೆರಿಕ ಸರ್ಕಾರದ ಬಡತನ ರೇಖೆಯ ಶೇಕಡಾ 125ರಷ್ಟು ಆದಾಯ ಬೇಕು, 2025ರ ಪಟ್ಟಿಯಲ್ಲಿ ಅದು ನಾಲ್ವರಿಗೆ 40,187 ಡಾಲರ್ ಇತ್ತು. ಆ ಲೆಕ್ಕಕ್ಕೆ ನಿಮ್ಮವರ ಸಂಬಳ 3,787 ಡಾಲರ್ ಕಡಿಮೆ ಬೀಳುತ್ತದೆ.

ಇಲ್ಲಿ ನಿಂತು ಯೋಚಿಸಿ. ಕಡಿಮೆ ಬಿದ್ದದ್ದನ್ನು ಆಸ್ತಿಯಿಂದ ತುಂಬಬಹುದು. ಅರ್ಜಿದಾರರು ಪ್ರಜೆಯಾಗಿದ್ದು, ಬರುವವರು ಸಂಗಾತಿಯಾಗಿದ್ದರೆ ಕೊರತೆಯ ಮೂರು ಪಟ್ಟು ಸಾಕು. ಗ್ರೀನ್ ಕಾರ್ಡ್‌ನವರಾಗಿದ್ದರೆ ಐದು ಪಟ್ಟು ಬೇಕಿತ್ತು. 3,787ರ ಮೂರು ಪಟ್ಟು 11,361 ಡಾಲರ್, ಅಂದರೆ ಹತ್ತು ಲಕ್ಷ ರೂಪಾಯಿಯ ಆಸುಪಾಸು. ಆ ಆಸ್ತಿ ಗಂಡನದೇ ಆಗಿರಬೇಕೆಂದೇನೂ ಇಲ್ಲ. ಬರುತ್ತಿರುವ ನಿಮ್ಮದೂ ನಡೆಯುತ್ತದೆ. ವರ್ಷದೊಳಗೆ ನಗದಾಗುವಂತಿರಬೇಕು, ಅಲ್ಲಿಗೆ ತರುವಂತಿರಬೇಕು, ಅಷ್ಟೇ. ನಿಮ್ಮ ಹೆಸರಿನಲ್ಲಿ ಠೇವಣಿ ಏನಾದರೂ ಇದೆಯೇ?

ಕಾವೇರಿ ತೀರ: ಇಷ್ಟೆಲ್ಲ ಏಕೆ? 2 ಎಂದೇ ಬರೆಯಿರಿ. ಯಾರು ಹೋಗಿ ನೋಡುತ್ತಾರೆ?

ವಕೀಲೆ: ಅತ್ತೆ-ಮಾವನ ಕಡತವನ್ನು ಮಂಜೂರು ಮಾಡಿದ ಸರ್ಕಾರವೇ ನೋಡುತ್ತದೆ. ಸುಳ್ಳು ಸಂಖ್ಯೆಗೆ ಸಹಿ ಹಾಕಿಸುವ ಸಲಹೆಯನ್ನು ದಯವಿಟ್ಟು ಇಲ್ಲಿ ಕೊಡಬೇಡಿ.

ನಿವೃತ್ತ ಮೇಷ್ಟ್ರು: ಸೊಸೆ ಬರಲಿಕ್ಕಾಗಿ ಹೆತ್ತವರ ಕಾರ್ಡ್ ಕಿತ್ತುಕೊಳ್ಳಬೇಕೇ? ಎಂತಹ ಕಾಲ ಬಂತು!

ಎಡಿಸನ್ ನಿವಾಸಿ: ಮೇಷ್ಟ್ರೇ, ಯಾರೂ ಕಿತ್ತುಕೊಳ್ಳುತ್ತಿಲ್ಲ. ಅವರಿಗೆ ಅಲ್ಲಿ ಇರಲು ಇಷ್ಟವಿಲ್ಲ, ಕಾರ್ಡ್ ಇಟ್ಟುಕೊಂಡು ಏನು ಮಾಡುತ್ತಾರೆ?

ನಿವೃತ್ತ ಮೇಷ್ಟ್ರು: ಇಷ್ಟವಿಲ್ಲವೋ, ಇಷ್ಟವಿಲ್ಲದಂತೆ ಮಾಡಿದರೋ? ಬೆಳಗಿನಿಂದ ಸಂಜೆಯವರೆಗೆ ಮುಚ್ಚಿದ ಮನೆಯಲ್ಲಿ ಇಬ್ಬರನ್ನೇ ಬಿಟ್ಟುಹೋದರೆ ಯಾರಿಗೆ ಇಷ್ಟವಾಗುತ್ತದೆ? ನನಗೂ ಅನುಭವವಿದೆ.

ಕಾವೇರಿ ತೀರ: ನಿಮ್ಮ ಅನುಭವವನ್ನು ಇನ್ನೊಬ್ಬರ ಮನೆಯ ಮೇಲೆ ಹೇರಬೇಡಿ ಸರ್.

ವಕೀಲೆ: ಕಾರ್ಡ್ ಹಿಂತಿರುಗಿಸಿ ಎಂದು ನಾನು ಹೇಳಲೇ ಇಲ್ಲ. ಕೊರತೆಯನ್ನು ಆಸ್ತಿಯಿಂದ ತುಂಬಬಹುದು ಎಂದೂ ಬರೆದಿದ್ದೇನೆ. ಓದಿ ಜಗಳವಾಡಿ.

ಮಂಗಳೂರು ಹುಡುಗ: ಇದು ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ: ‘ಸಂದರ್ಶನಕ್ಕೆ ಹದಿನೈದು ದಿನ ಮೊದಲು ಖಾತೆಯಲ್ಲಿ 20 ಲಕ್ಷ ತೋರಿಸಿ, ಲೆಕ್ಕಪರಿಶೋಧಕರಿಂದ ನಿವ್ವಳ ಆಸ್ತಿ ಪ್ರಮಾಣಪತ್ರ ಪಡೆಯಿರಿ, ಐ-134 ಜೊತೆಗಿಡಿ, ನೂರಕ್ಕೆ ನೂರು ವೀಸಾ.’

ವಕೀಲೆ: ಒಂದೇ ಸಂದೇಶದಲ್ಲಿ ಮೂರು ತಪ್ಪು. ಸಂಗಾತಿಯ ವಲಸೆ ವೀಸಾಕ್ಕೆ ಬೇಕಾದದ್ದು ಐ-864, ಐ-134 ಎಂಬ ಬೇರೆ ನಮೂನೆಯಲ್ಲ. ಖಾತೆ ಯಾವಾಗ ತೆರೆದದ್ದು, ಕಳೆದ ಒಂದು ವರ್ಷದಲ್ಲಿ ಎಷ್ಟು ಜಮೆಯಾಗಿದೆ, ಈಗ ಎಷ್ಟಿದೆ ಎಂಬುದು ಬ್ಯಾಂಕಿನ ಪತ್ರದಲ್ಲಿ ಇರಬೇಕು, ಹಾಗಾಗಿ ಹದಿನೈದು ದಿನದ ಸಾಲ ಅಲ್ಲೇ ಕಾಣುತ್ತದೆ. ಲೆಕ್ಕಪರಿಶೋಧಕರ ಚಂದದ ಮೊಹರು ಬ್ಯಾಂಕಿನ ಪತ್ರದ ಜಾಗಕ್ಕೆ ಬರುವುದಿಲ್ಲ. ಕಳೆದ ವರ್ಷ ನನ್ನ ಬಳಿ ಬಂದ ದಂಪತಿ ಇದನ್ನೇ ನಂಬಿದ್ದರು. ಮುಂಬೈಯ ಸಂದರ್ಶನದಿಂದ, ವೀಸಾ ತಡೆಹಿಡಿದಿದ್ದೇವೆ ಎನ್ನುವ 221(ಜಿ) ಚೀಟಿ ಹಿಡಿದು ಹೊರಬಂದರು, ಸಾಲಕ್ಕೆ ಬಡ್ಡಿಯನ್ನೂ ಕಟ್ಟಿದರು. ಇನ್ನು ಮುಂದೆ ಇಂಥದ್ದನ್ನು ಹಂಚುವ ಮೊದಲು ಒಮ್ಮೆ ಕೇಳಿ.

ಮಂಗಳೂರು ಹುಡುಗ: ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೇ.

ವಕೀಲೆ: ಎಲ್ಲರೂ ಅದನ್ನೇ ಹೇಳುತ್ತಾರೆ.

ಜಯನಗರ: ನಾನು ಅಮೆರಿಕದ ಪ್ರಜೆ, ಐದು ವರ್ಷದಿಂದ ಬೆಂಗಳೂರಿನಲ್ಲಿ ಗಂಡನ ಜೊತೆ ಇದ್ದೇನೆ. ಈಗ ಇಬ್ಬರೂ ಹೊರಡಬೇಕು. ನನ್ನ ಇಲ್ಲಿನ ಸಂಬಳ ಲೆಕ್ಕಕ್ಕೆ ಬರುತ್ತದೆಯೇ?

ವಕೀಲೆ: ಬೆಂಗಳೂರಿನ ಕೆಲಸ ಬಿಟ್ಟು ಹೋಗುವುದಾದರೆ ಆ ಸಂಬಳ ಮುಂದುವರಿಯುವುದಿಲ್ಲ, ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ವಾಸಸ್ಥಾನ. ಪ್ರಾಯೋಜಕರ ನೆಲೆ ಅಮೆರಿಕದಲ್ಲಿರಬೇಕು, ಇಲ್ಲವೇ ಗಂಡನ ಜೊತೆಗೋ ಅದಕ್ಕೂ ಮೊದಲೋ ಅಲ್ಲಿ ನೆಲೆಸಲು ಹೊರಟಿದ್ದೀರಿ ಎಂಬುದಕ್ಕೆ ಪುರಾವೆ ಬೇಕು: ಉದ್ಯೋಗದ ಪತ್ರ, ಬಾಡಿಗೆ ಕರಾರು, ಅಲ್ಲಿನ ಬ್ಯಾಂಕ್ ಖಾತೆ, ಮಕ್ಕಳ ಶಾಲೆಯ ದಾಖಲಾತಿ. ಭಾರತದಲ್ಲಿದ್ದಾಗಲೂ ನೀವು ಅಮೆರಿಕದ ತೆರಿಗೆ ರಿಟರ್ನ್ ಸಲ್ಲಿಸಬೇಕಿತ್ತು. ಸಲ್ಲಿಸಿದ್ದೀರಾ?

ಜಯನಗರ: ಅಯ್ಯೋ. ಇಲ್ಲ.

ವಕೀಲೆ: ಮೊದಲು ಅದನ್ನು ಸರಿಪಡಿಸಿ.

ಬಿಡದಿ ಬಂಧು: ನನ್ನದೂ ತೆರಿಗೆಯದೇ ಪ್ರಶ್ನೆ. ಮದುವೆಯಾದ ವರ್ಷವೂ ‘ಅವಿವಾಹಿತ’ ಎಂದೇ ರಿಟರ್ನ್ ಸಲ್ಲಿಸಿದ್ದೇನೆ, ಹೆಂಡತಿ ಅಮೆರಿಕದಲ್ಲಿರಲಿಲ್ಲವಲ್ಲ.

ವಕೀಲೆ: ಹೆಂಡತಿ ಎಲ್ಲಿದ್ದರೂ ಡಿಸೆಂಬರ್ 31ಕ್ಕೆ ನೀವು ವಿವಾಹಿತರು. ರಿಟರ್ನ್ ತಿದ್ದುವ ನಮೂನೆ 1040-ಎಕ್ಸ್ ಸಲ್ಲಿಸಿ ತಿದ್ದಿಸಿ. ಇಲ್ಲದಿದ್ದರೆ ‘ಮದುವೆ ನಿಜವೇ’ ಎಂದು ಸಂದರ್ಶನದಲ್ಲಿ ಕೇಳಲು ನೀವೇ ಕಾರಣ ಕೊಟ್ಟಂತೆ.

ಹೆಸರು ಬೇಡ: ವಿಚ್ಛೇದನವಾದರೆ ಈ ಹೊಣೆ ಮುಗಿಯುತ್ತದೆ ತಾನೇ?

ಕಾವೇರಿ ತೀರ: ಮುಗಿಯುತ್ತದೆ. ಸಂಬಂಧವೇ ಇಲ್ಲದ ಮೇಲೆ ಹೊಣೆ ಎಲ್ಲಿಯದು?

ವಕೀಲೆ: ಮುಗಿಯುವುದಿಲ್ಲ! ಬಂದವರು ಪ್ರಜೆಯಾಗಬೇಕು, ಅಥವಾ 40 ತ್ರೈಮಾಸಿಕಗಳ, ಅಂದರೆ ಸರಿಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರಬೇಕು, ಅಥವಾ ಕಾಯಂ ನಿವಾಸಿಯ ಸ್ಥಾನ ಕಳೆದುಕೊಂಡು ದೇಶ ಬಿಡಬೇಕು, ಇಲ್ಲವೇ ಇಬ್ಬರಲ್ಲೊಬ್ಬರು ತೀರಿಕೊಳ್ಳಬೇಕು. ವಿಚ್ಛೇದನದ ನಂತರ ಇದೇ ಕಾಗದ ಹಿಡಿದು ನ್ಯಾಯಾಲಯಕ್ಕೆ ಹೋದ ಹೆಂಡತಿಯರಿದ್ದಾರೆ, ಗೆದ್ದಿದ್ದಾರೆ ಕೂಡ. ಕಾವೇರಿ ತೀರ ಅವರೇ, ನೀವು ವಕೀಲರೇ?

ಕಾವೇರಿ ತೀರ: ಅಭಿಪ್ರಾಯ ಹೇಳಲು ವಕೀಲನೇ ಆಗಬೇಕೇ? ಇದು ಎಲ್ಲರ ಗುಂಪು.

ನಿವೃತ್ತ ಮೇಷ್ಟ್ರು: ಹಾಗಿದ್ದರೆ ನಾನು ಅಭಿಪ್ರಾಯ ಹೇಳಿದಾಗ ಏಕೆ ಉರಿದುಬಿದ್ದಿರಿ?

ನಿರ್ವಾಹಕ: ಇಬ್ಬರೂ ನಿಲ್ಲಿಸಿ, ದಯವಿಟ್ಟು.

ಮಂಡ್ಯ ಗೌಡ: ವೈದ್ಯಕೀಯ ತಪಾಸಣೆ ಸಂದರ್ಶನಕ್ಕೆ ಎಷ್ಟು ದಿನ ಮೊದಲು ಮಾಡಿಸಬೇಕು?

ಹಾಸನ ಮೂಲ: ಮೇಡಂ, ನಮ್ಮ ಊರಿನ ವಕೀಲರು ನೋಟರಿ ಬೇಕೇ ಬೇಕು ಎನ್ನುತ್ತಿದ್ದಾರೆ. ಅವರ ಬಳಿ ಮಾಡಿಸಿದವರಿಗೆ ವೀಸಾ ಬಂದಿದೆಯಂತೆ.

ವಕೀಲೆ: ತೆಂಗಿನಕಾಯಿ ಒಡೆದು ಹೋದವರಿಗೂ ಬಂದಿದೆ. ಉತ್ತರ ಮೇಲಿದೆ.

ತೀರ್ಥಹಳ್ಳಿ ಸೊಸೆ: ಮೇಡಂ, ಈಗ ನೋಡಿದೆ. ನನ್ನ ಹೆಸರಿನಲ್ಲಿ 12 ಲಕ್ಷದ ಠೇವಣಿ ಇದೆ. ಹೆಂಡತಿಯ ಹಣ ಲೆಕ್ಕಕ್ಕೆ ಬರುವುದಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಬರೆಯಲಿಲ್ಲ.

ವಕೀಲೆ: ಯಾವಾಗ ಇಟ್ಟದ್ದು? ಎಲ್ಲಿಂದ ಬಂದದ್ದು?

ತೀರ್ಥಹಳ್ಳಿ ಸೊಸೆ: ಎರಡು ವರ್ಷವಾಯಿತು. ಮದುವೆಗೆ ಒಡವೆ ಬೇಡ ಎಂದಿದ್ದೆ. ಆ ವರ್ಷದ ಅಡಿಕೆ ಮಾರಿದ ಹಣವನ್ನು ಅಪ್ಪ ನನ್ನ ಹೆಸರಿಗೆ ಇಟ್ಟರು. ನನಗೇ ಕೊಟ್ಟದ್ದು, ಹಿಂತಿರುಗಿಸಬೇಕಾಗಿಲ್ಲ.

ವಕೀಲೆ: ಹಾಗಾದರೆ 2025ರ ಪಟ್ಟಿಯ ಲೆಕ್ಕಕ್ಕೆ ಅತ್ತೆಯ ಟ್ರಂಕನ್ನು ಯಾರೂ ಮುಟ್ಟಬೇಕಾಗಿಲ್ಲ. ಬ್ಯಾಂಕಿನ ತಲೆಪತ್ರದಲ್ಲಿ ಇಂಗ್ಲಿಷ್‌ನಲ್ಲಿ ಪತ್ರ ಪಡೆಯಿರಿ: ಠೇವಣಿ ಇಟ್ಟ ದಿನ, ವರ್ಷದ ಜಮೆ, ಇಂದಿನ ಮೊತ್ತ. ಅರ್ಜಿಯಲ್ಲಿ ಆಸ್ತಿಯ ಭಾಗದಲ್ಲಿ ನಿಮ್ಮದೆಂದೇ ತುಂಬಿಸಿ. ಸಂಖ್ಯೆಯನ್ನು 4 ಎಂದು ತಿದ್ದಿ. ಪಟ್ಟಿ ಸಾಮಾನ್ಯವಾಗಿ ಪ್ರತಿ ವರ್ಷ ಏರುತ್ತದೆ, ಸಲ್ಲಿಸುವ ದಿನ ಚಾಲ್ತಿಯಲ್ಲಿರುವ ಅಂಕಿ ಹಿಡಿದು ಕೊರತೆಯನ್ನು ಮತ್ತೆ ಲೆಕ್ಕಹಾಕಿ. ಠೇವಣಿಯನ್ನು ಮಧ್ಯದಲ್ಲಿ ಮುರಿಯಬೇಡಿ.

ಮಂಡ್ಯ ಗೌಡ: ಮೇಡಂ, ತಪಾಸಣೆಯ ವಿಷಯ?