‘ತಡೆಯಾಜ್ಞೆ’: ವಾಪಸ್ ಕೆಲಸ ಕೊಡಿ ಅನ್ನುವ ಆದೇಶಕ್ಕೂ ಇದೇ ಪದವೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಕಾರ್ಮಿಕ ವ್ಯಾಜ್ಯಗಳ ಬಗ್ಗೆ ಬರೆಯುತ್ತಿದ್ದೇನೆ. ‘ಇಂಜಂಕ್ಷನ್’ (ಇದನ್ನು ಮಾಡು ಅಥವಾ ಮಾಡಬೇಡ ಅನ್ನುವ ಕೋರ್ಟಿನ ಆದೇಶ) ಅನ್ನುವ ಪದಕ್ಕೆ ಸರಿಯಾದ ಕನ್ನಡ ಸಿಗದೆ ನಿಂತಿದ್ದೇನೆ.

ಸಂದರ್ಭ ಹೀಗಿದೆ. 2021ರ ಡಿಸೆಂಬರ್‌ನಲ್ಲಿ ಬಫಲೋ ನಗರದ ಒಂದು ಮಳಿಗೆಯ ಕೆಲಸಗಾರರು ಮತ ಹಾಕಿ ಯೂನಿಯನ್ ಕಟ್ಟಿಕೊಂಡರು. ಬೇರೆ ಊರಿನವರಿಗೂ ಧೈರ್ಯ ಬಂತು. ಮೆಂಫಿಸ್‌ನಲ್ಲಿ ಯೂನಿಯನ್ ಕಟ್ಟಲು ಹೊರಟವರು ದಿನದ ವ್ಯಾಪಾರ ಮುಗಿದು ಮಳಿಗೆ ಮುಚ್ಚಿದ ಮೇಲೆ ಟಿವಿಯವರನ್ನು ಒಳಗೆ ಕರೆದು ಮಾತಾಡಿದರು. 2022ರ ಫೆಬ್ರವರಿಯಲ್ಲಿ ಕಂಪನಿ ಏಳು ಜನರನ್ನು ಕೆಲಸದಿಂದ ತೆಗೆಯಿತು. ನಿಯಮ ಮುರಿದರು ಎಂದು ಕಂಪನಿಯ ವಾದ. ಯೂನಿಯನ್ ಹತ್ತಿಕ್ಕಲು ತೆಗೆದರು ಎಂದು ಸರ್ಕಾರದ ಕಾರ್ಮಿಕ ಮಂಡಳಿಯ ವಾದ. ಮಂಡಳಿ ಕೋರ್ಟಿಗೆ ಹೋಯಿತು. ಕೇಸು ಮುಗಿಯುವ ತನಕ ಅವರನ್ನು ವಾಪಸ್ ಕೆಲಸಕ್ಕೆ ತಗೊಳ್ಳಿ ಎಂದು ಆ ಆಗಸ್ಟ್‌ನಲ್ಲಿ ಕೋರ್ಟು ಹೇಳಿತು. ಇದೇ ಆ ಇಂಜಂಕ್ಷನ್.

ಪತ್ರಿಕೆಗಳು ಇದಕ್ಕೆ ‘ತಡೆಯಾಜ್ಞೆ’ ಅನ್ನುತ್ತವೆ. ವಕೀಲರ ಕನ್ನಡದಲ್ಲಿ ‘ನಿರ್ಬಂಧಕಾಜ್ಞೆ’, ‘ಪ್ರತಿಬಂಧಕಾಜ್ಞೆ’ ಇವೆ. ಮೂರೂ ‘ನಿಲ್ಲಿಸು’ ಅನ್ನುವ ಪದಗಳೇ ಅಲ್ವಾ? ಇಲ್ಲಿ ಕೋರ್ಟು ಹೇಳಿದ್ದು ‘ಮಾಡು’ ಅಂತ. ‘ಕೆಲಸಗಾರರಿಗೆ ತಡೆಯಾಜ್ಞೆ ಸಿಕ್ಕಿತು’ ಎಂದು ಬರೆದರೆ, ವಜಾ ಆಗುವ ಮೊದಲೇ ತಡೆ ಬಿತ್ತು ಎಂದು ಓದುಗರು ತಿಳಿಯುತ್ತಾರೆ. ವಜಾ ಆಗಿ ಆಗಲೇ ತಿಂಗಳುಗಳು ಕಳೆದಿದ್ದವು.

ಮುಂದಿನ ಹಂತ ಇನ್ನೂ ಗೋಜಲು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಆ ಇಂಜಂಕ್ಷನ್ ಸರಿ ಎಂದಿದ್ದ ಮೇಲ್ಮನವಿ ಕೋರ್ಟಿನ ತೀರ್ಪನ್ನು ಬದಿಗಿಟ್ಟಿತು. ಕಾರ್ಮಿಕ ಮಂಡಳಿ ಕೇಳಿದರೂ ಸರಿ, ಬೇರೆ ಇಂಜಂಕ್ಷನ್‌ಗಳಿಗೆ ಇರುವ ಬಿಗಿಯಾದ ಅಳತೆಯನ್ನೇ ಬಳಸಬೇಕು ಎಂದಿತು. ವಜಾ ಸರಿಯೋ ತಪ್ಪೋ ಅನ್ನುವುದನ್ನು ಅದು ತೀರ್ಮಾನಿಸಲಿಲ್ಲ. ಇದನ್ನು ಸುಮ್ನೆ ‘ತಡೆಯಾಜ್ಞೆ ತೆರವು’ ಎಂದರೆ ಯಾರಿಗೆ ಏನು ಸಿಕ್ಕಿತು ಅನ್ನುವುದೇ ತಿಳಿಯುವುದಿಲ್ಲ. ಏಳು ಜನರ ಅನ್ನದ ವಿಷಯ. ಪದ ಅಡ್ಡ ಬರಬಾರದು.

‘ಮರುನೇಮಕದ ಮಧ್ಯಂತರ ಆದೇಶ’ ಆಗಬಹುದೇ? ನನಗೆ ಎರಡು ಅನುಮಾನ. ‘ಮಧ್ಯಂತರ ಆದೇಶ’ ತೀರಾ ಅಗಲವಾಯಿತು, ಎಲ್ಲದಕ್ಕೂ ಹೊಂದುತ್ತದೆ. ‘ಮರುನೇಮಕ’ ಅಂದರೆ ಹಳೇ ಸರ್ವಿಸ್ ಬಿಟ್ಟು ಹೊಸದಾಗಿ ಸೇರಿಸಿಕೊಂಡ ಹಾಗೆ ಕೇಳಿಸುತ್ತದೆ.

ಇನ್ನೊಂದು ಮಾತು. ಕಂಪನಿ ತನ್ನ ನೌಕರರನ್ನೆಲ್ಲ ‘ಪಾರ್ಟ್‌ನರ್’ ಅನ್ನುತ್ತದೆ. ‘ಪಾಲುದಾರ’ ಎಂದರೆ ಮಾಲೀಕರೇ ಆಗಿಬಿಡುತ್ತಾರೆ. ಅಲ್ಲಿ ‘ಕೆಲಸಗಾರ’ ಅಂತಲೇ ಉಳಿಸಿಕೊಂಡಿದ್ದೇನೆ.

ಕಾರ್ಮಿಕ ಕೋರ್ಟಿನಲ್ಲಿ ಓಡಾಡಿದವರು ಇಂಥ ಆದೇಶಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತಾರೆ? ದಯವಿಟ್ಟು ತಿಳಿಸಿ. ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.