ಪದಚರ್ಚೆ: ಮೊಡವೆಗೆ ನುಂಗುವ ‘ಹೈ ಡೋಸ್’ ವಿಟಮಿನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಾಸನದಿಂದ ಬರೆಯುತ್ತಿದ್ದೇನೆ. ಇಲ್ಲಿನ ಪಿಯು ಮಕ್ಕಳಿಗೆ ಹಂಚಲು ಮೊಡವೆಯ ಬಗ್ಗೆ ಒಂದು ಪುಟ್ಟ ಕೈಪಿಡಿ ಮಾಡುತ್ತಿದ್ದೇವೆ. ಬರಹ ಹೆಚ್ಚುಕಡಿಮೆ ಮುಗಿದಿದೆ, ಒಂದು ಕಡೆ ಮಾತ್ರ ಸಿಕ್ಕಿಕೊಂಡಿದೆ. ಮೊಡವೆ ಹೋಗಲಿ ಅಂತ ಕೆಲವರು ವಿಟಮಿನ್ ಮಾತ್ರೆಗಳನ್ನು ಮೈಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ನುಂಗುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹೈ ಡೋಸ್ ಸಪ್ಲಿಮೆಂಟ್’ ಅನ್ನುತ್ತಾರೆ, ಇನ್ನೂ ಹೆಚ್ಚಾದರೆ ‘ಮೆಗಾಡೋಸ್’. ನಮ್ಮ ಕರಡಿನಲ್ಲಿ ಈಗ ‘ಅಧಿಕ ಪ್ರಮಾಣದ ವಿಟಮಿನ್ ಪೂರಕಗಳು’ ಎಂದಿದೆ. ವಿಟಮಿನ್ ಒಂದನ್ನು ಬಿಟ್ಟರೆ ಇದರಲ್ಲಿ ಯಾವ ಪದವೂ ನನಗೆ ಸರಿ ಕಾಣುತ್ತಿಲ್ಲ.

ಮೊದಲು ‘ಅಧಿಕ’. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಆಲೂಗಡ್ಡೆ, ಜೋಳ ಬೆಳೆಯುವ ಮನೆಯವರು. ಅವರು ಈ ಪದ ಕೇಳಿರುವುದು ‘ಅಧಿಕ ಇಳುವರಿ’ ಎಂಬಲ್ಲಿ. ‘ಅಧಿಕ ರಕ್ತದೊತ್ತಡ’ ಅನ್ನುವುದೂ ಇದೆ, ನಿಜ. ಆದರೆ ಮಾತ್ರೆಯ ಪಕ್ಕ ‘ಅಧಿಕ’ ಕೂತರೆ ಓದುವವರಿಗೆ ಅದು ಒಳ್ಳೆಯದೆಂದೇ ಕೇಳಿಸುತ್ತದೆ. ಎಚ್ಚರಿಕೆ ಹೇಳಬೇಕಾದ ಸಾಲು ಜಾಹೀರಾತಾಗಿಬಿಡುತ್ತದೆ.

‘ಪೂರಕ’ದ ತೊಂದರೆ ಬೇರೆ. ಪಿಯು ಮಕ್ಕಳಿಗೆ ಪೂರಕ ಅಂದರೆ 2023ರವರೆಗೆ ಇದ್ದ ಪೂರಕ ಪರೀಕ್ಷೆ. ಅವರ ತಾಯಂದಿರಿಗೆ ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರ. ಇದನ್ನು ಹೇಗೋ ದಾಟಬಹುದು. ಆದರೆ ಪದದೊಳಗೇ ‘ಕೊರತೆಯನ್ನು ತುಂಬುವುದು’ ಎಂಬ ಅರ್ಥ ಕೂತಿದೆ. ಕೊರತೆ ಇದ್ದವರು ತುಂಬಿಕೊಳ್ಳಲಿ, ಬೇಡ ಅನ್ನುವವರಾರು? ಮೊಡವೆಗೆ ಅಂತ ಭಾರೀ ಡೋಸ್ ನುಂಗುವಾಗ ಅಲ್ಲಿ ತುಂಬುವುದಕ್ಕೆ ಏನೂ ಇರುವುದಿಲ್ಲ. ಆ ಮಟ್ಟದಲ್ಲಿ ವಿಟಮಿನ್ನು ಔಷಧದ ಹಾಗೆ ಕೆಲಸ ಮಾಡುತ್ತದೆ, ಔಷಧದ ಹಾಗೆಯೇ ತೊಂದರೆಯನ್ನೂ ಕೊಡುತ್ತದೆ. ಅದನ್ನು ಪೂರಕ ಅನ್ನುವುದು ಸುಳ್ಳು ಹೇಳಿದಂತೆ ಅಲ್ವಾ?

‘ಡೋಸ್’ಗೆ ನಮ್ಮಲ್ಲಿ ಬಹಳ ಒಳ್ಳೆಯ ಪದವಿತ್ತು: ಮಾತ್ರೆ. ಸಂಸ್ಕೃತದ ಮೂಲದಲ್ಲಿ ಅದರ ಅರ್ಥ ಅಳತೆ. ಛಂದಸ್ಸಿನಲ್ಲಿ ಇಂದಿಗೂ ಅದೇ ಅರ್ಥ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಔಷಧದಲ್ಲಿ ಮಾತ್ರ ಅಳತೆಯ ಹೆಸರು ಗುಳಿಗೆಗೆ ಅಂಟಿಕೊಂಡಿತು. ಈಗ ‘ದೊಡ್ಡ ಮಾತ್ರೆ’ ಅಂದರೆ ನುಂಗಲು ಕಷ್ಟವಾಗುವ ದಪ್ಪ ಗುಳಿಗೆ ಅಂತಲೇ ತಿಳಿಯುತ್ತಾರೆ. ಹಾಗಾಗಿ ಡೋಸ್ ಅನ್ನೇ ಉಳಿಸಿಕೊಳ್ಳೋಣ ಎಂದು ನನ್ನ ಅಭಿಪ್ರಾಯ. ಪೋಲಿಯೋ ಹನಿಯ ಕಾಲದಿಂದ ಹಳ್ಳಿಹಳ್ಳಿಗೂ ಗೊತ್ತಿರುವ ಪದ ಅದು.

ಅಂಗಡಿಯಲ್ಲಿ ಜನ ನಿಜವಾಗಿ ಆಡುವ ಮಾತು ‘ಪವರ್’. ‘ಇದಕ್ಕಿಂತ ಪವರ್ ಜಾಸ್ತಿ ಇರೋದು ಕೊಡಿ’ ಅಂತಾರೆ. ಇದರ ಬೆನ್ನಿಗೇ ಇನ್ನೊಂದು ಪದವಿದೆ, ‘ಹೀಟ್’. ಪವರ್ ಮಾತ್ರೆ ತಗೊಂಡರೆ ಹೀಟ್ ಆಗುತ್ತೆ, ಮಜ್ಜಿಗೆ ಕುಡಿ ಅನ್ನುತ್ತಾರೆ. ಮೊಡವೆಗೂ ಮೈ ಉಷ್ಣವೇ ಕಾರಣ ಅನ್ನುತ್ತಾರೆ. ಎ ವಿಟಮಿನ್ ಮೈಯಲ್ಲಿ ಜಾಸ್ತಿಯಾದಾಗ ತುಟಿ ಒಡೆಯುತ್ತದೆ, ಚರ್ಮ ಒಣಗುತ್ತದೆ, ತಲೆನೋವು ಬರುತ್ತದೆ. ಹೀಗೇ ಮುಂದುವರಿದರೆ ಯಕೃತ್ತಿಗೂ ಪೆಟ್ಟಾಗುತ್ತದೆ. ಮನೆಯವರು ತುಟಿ, ತಲೆನೋವು ಎರಡನ್ನೂ ‘ಹೀಟ್’ ಲೆಕ್ಕಕ್ಕೆ ಹಾಕಿ ಮಜ್ಜಿಗೆ ಕೊಟ್ಟು ಸುಮ್ಮನಾದರೆ, ಮಾತ್ರೆ ನಿಲ್ಲುವುದೇ ಇಲ್ಲ. ಆದ್ದರಿಂದ ಕೈಪಿಡಿಯಲ್ಲಿ ‘ಅಡ್ಡ ಪರಿಣಾಮ’ ಎಂದಷ್ಟೇ ಬರೆದರೆ ಸಾಲದು. ‘ಇದನ್ನು ಹೀಟ್ ಅಂದುಕೊಂಡು ಬಿಡಬೇಡಿ’ ಎಂದು ಅವರ ಮಾತಿನಲ್ಲೇ ಬರೆಯಬೇಕು ಅನ್ನಿಸುತ್ತದೆ.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ‘ಅತಿಪ್ರಮಾಣ’, ‘ಮಿತಿಮೀರಿದ ಪ್ರಮಾಣ’ ಎಂದು ಕೆಲವರು ಸೂಚಿಸಿದ್ದಾರೆ. ಇವೆರಡೂ ಓವರ್‌ಡೋಸ್‌ಗೆ ಸರಿ. ಅದು ಆಕಸ್ಮಿಕವೋ ಅನಾಹುತವೋ ಆಗಿರುತ್ತದೆ. ಇಲ್ಲಿ ಹಾಗಲ್ಲ, ತಿಳಿದೇ, ವಾಸಿಯಾಗಲಿ ಎಂದೇ ತೆಗೆದುಕೊಳ್ಳುತ್ತಾರೆ. ನನ್ನ ಸಲಹೆ ‘ಹಲವು ಪಟ್ಟು ಡೋಸ್’. ಪಟ್ಟು ಅಂದ ತಕ್ಷಣ ‘ಎಷ್ಟು ಪಟ್ಟು?’ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಆ ಪ್ರಶ್ನೆ ಬರುವುದೇ ನಮಗೆ ಬೇಕಾಗಿರುವುದು.

ಲೆಕ್ಕ ಹಾಕಿ ನೋಡಿ. ದೊಡ್ಡವರಿಗೆ ದಿನಕ್ಕೆ ಬೇಕಾದ ಎ ವಿಟಮಿನ್ ಹತ್ತಿರ ಹತ್ತಿರ 900 ಮೈಕ್ರೋಗ್ರಾಂ, ಅಂದರೆ 3000 ಐಯು (ವಿಟಮಿನ್ ಪೆಟ್ಟಿಗೆಯ ಮೇಲೆ IU ಎಂದು ಬರೆದಿರುವ ಅಳತೆ). 1981ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು ಮೊಡವೆಗೆ ದಿನಕ್ಕೆ 3 ಲಕ್ಷ ಐಯು ಮತ್ತು ಅದಕ್ಕೂ ಜಾಸ್ತಿ ಕೊಟ್ಟು, ಗುಣ ಕಂಡಿತು ಎಂದು ಬರೆದರು. ಅದು ನೂರು ಪಟ್ಟು! ವೈದ್ಯರ ಕಣ್ಣೆದುರು ನಡೆದ ಚಿಕಿತ್ಸೆ ಅದು, ಯಾರೂ ಮನೆಯಲ್ಲಿ ತಾವಾಗಿ ಮಾಡಿಕೊಂಡದ್ದಲ್ಲ. 1995ರಲ್ಲಿ ಹಾಂಗ್‌ಕಾಂಗ್‌ನ ಲಿಟ್-ಹಂಗ್ ಲ್ಯೂಂಗ್ ಎಂಬ ವೈದ್ಯರು ಬಿ5 ವಿಟಮಿನ್ನನ್ನು ದಿನಕ್ಕೆ 10 ಗ್ರಾಂವರೆಗೆ ಕೊಟ್ಟು ಮೊಡವೆ ಇಳಿಯಿತು ಎಂದರು. ದಿನಕ್ಕೆ ಬೇಕಾದದ್ದು 5 ಮಿಲಿಗ್ರಾಂ. ಅದು ಎರಡು ಸಾವಿರ ಪಟ್ಟು. ಹೋಲಿಸಿ ನೋಡಲು ಮಾತ್ರೆ ನುಂಗದ ಇನ್ನೊಂದು ಗುಂಪೂ ಆ ಪ್ರಯೋಗದಲ್ಲಿ ಇರಲಿಲ್ಲ. ‘ಅಧಿಕ ಪ್ರಮಾಣ’ ಎಂಬ ಒಂದೇ ಮಾತು ಎರಡು ಪಟ್ಟಿಗೂ ಎರಡು ಸಾವಿರ ಪಟ್ಟಿಗೂ ಒಗ್ಗುತ್ತದೆ. ಅದಕ್ಕೇ ಅದು ಬೇಡ ಅನ್ನುತ್ತಿರುವುದು.

ಐಯುವನ್ನೂ ಕನ್ನಡಿಸಬೇಕೆ? ‘ಅಂತರರಾಷ್ಟ್ರೀಯ ಏಕಮಾನ’ ಎಂದು ಬರೆದರೆ ಪೆಟ್ಟಿಗೆಯ ಮೇಲಿನ ಅಕ್ಷರಕ್ಕೂ ನಮ್ಮ ಪದಕ್ಕೂ ನಂಟು ತಪ್ಪುತ್ತದೆ. ಐಯು ಅಂತಲೇ ಇರಲಿ, ಜೊತೆಗೆ ಒಂದು ವಿವರಣೆ ಇರಲಿ. ವಾರಕ್ಕೊಮ್ಮೆ ತಗೊಳ್ಳುವ ಡಿ ವಿಟಮಿನ್ನಿನ 60,000 ಐಯು ಪುಡಿ ಈಗ ಎಷ್ಟೋ ಮನೆಗಳಲ್ಲಿದೆ. ಅದು ತೂಕದಲ್ಲಿ ಒಂದೂವರೆ ಮಿಲಿಗ್ರಾಂ. ಅದೇ 60,000 ಐಯು ಎ ವಿಟಮಿನ್ ಆದರೆ 18 ಮಿಲಿಗ್ರಾಂ. ಒಂದೊಂದು ವಿಟಮಿನ್ನಿಗೆ ಐಯು ಒಂದೊಂದು ತೂಕ. ‘ಡಿ ಅಷ್ಟು ತಗೋತಾರಲ್ಲ, ಎ ಯಾಕೆ ತಗೋಬಾರದು’ ಅನ್ನುವ ಮಾತಿಗೆ ಇದೇ ಉತ್ತರ.

ಇನ್ನೊಂದು ಪದದ ಬಗ್ಗೆ ನನಗೆ ನಿಜವಾಗಿ ಆತಂಕವಿದೆ. ಐಸೊಟ್ರೆಟಿನಾಯಿನ್ ಎಂಬ ಔಷಧವನ್ನು ಬಹಳ ಜನ ‘ಎ ವಿಟಮಿನ್ ಮಾತ್ರೆ’ ಅನ್ನುತ್ತಾರೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಔಷಧ ಅದು. ತೀವ್ರವಾದ ಮೊಡವೆಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಎ ವಿಟಮಿನ್ನಿನ ನೆಂಟನೂ ಹೌದು. ಆದರೆ ಗರ್ಭಿಣಿಯರು ಅದನ್ನು ಮುಟ್ಟಲೇಬಾರದು, ಮಗುವಿಗೆ ಘೋರ ಅಂಗದೋಷಗಳು ಬರುತ್ತವೆ. ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತಾ ಕೊಡುವ ಔಷಧ ಅದು. ‘ವಿಟಮಿನ್ ತಾನೆ’ ಎಂದು ಅಕ್ಕನ ಚೀಟಿ ನೋಡಿ ತಂಗಿಯೂ ತಗೊಂಡರೆ ಏನು ಗತಿ? ಇದಕ್ಕೆ ವಿಟಮಿನ್ ಎಂಬ ಹೆಸರೇ ಬೇಡ, ಆ ಬಳಗದ ಔಷಧಗಳಿಗಿರುವ ಹೆಸರಿನಲ್ಲೇ ರೆಟಿನಾಯ್ಡ್ ಔಷಧ ಎಂದು ಬರೆಯೋಣ ಎನ್ನುತ್ತೇನೆ. ಇಲ್ಲಿ ಪದ ಪರಕೀಯವಾಗಿ ಕೇಳಿಸಿದರೇ ಒಳ್ಳೆಯದು, ಓದುವವರು ಒಂದು ಕ್ಷಣ ನಿಲ್ಲುತ್ತಾರೆ.

ಬಿ12 ಜಾಸ್ತಿಯಾಗಿ ಕೆಲವರಿಗೆ ಮೊಡವೆಯಂಥ ಗುಳ್ಳೆಗಳು ಏಳುವುದುಂಟು. ಅದನ್ನು ‘ಬಿ12ನಿಂದ ಏಳುವ ಗುಳ್ಳೆ’ ಎಂದು ಬಿಡಿಸಿ ಬರೆದಿದ್ದೇವೆ.

ಮೊಡವೆ ಎಂಬ ಪದಕ್ಕೆ ತಕರಾರಿಲ್ಲ. ಆಯುರ್ವೇದದಲ್ಲಿ ಮುಖದೂಷಿಕೆ ಎಂದಿದೆ, ಮುಖ ಕೆಡಿಸುವುದು ಎಂಬ ಅರ್ಥದಲ್ಲಿ. ಹದಿನಾರರ ಹುಡುಗಿಯ ಕೈಗೆ ಕೊಡುವ ಪುಸ್ತಕದಲ್ಲಿ ಆ ಪದ ನನಗೆ ಬೇಡ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ‘ಹಲವು ಪಟ್ಟು ಡೋಸ್’ ಓದಲು ತೊಡಕಾಗುತ್ತದೆಯೇ? ಪೂರಕದ ಬದಲು ಬರೀ ‘ವಿಟಮಿನ್ ಮಾತ್ರೆ’ ಎಂದರೆ ಸಾಕೇ, ಪುಡಿ ಮತ್ತು ಸಿರಪ್ಪುಗಳು ಹೊರಗುಳಿಯುತ್ತವೆಯೇ? ಮೂಡಿಗೆರೆ, ಸಕಲೇಶಪುರ, ಕಡೂರಿನ ಕಡೆಯವರು ‘ಪವರ್’, ‘ಹೀಟ್’ಗೆ ಬೇರೆ ಮಾತು ಬಳಸುವುದಾದರೆ ದಯವಿಟ್ಟು ತಿಳಿಸಿ, ಕೈಪಿಡಿ ಆ ಕಡೆಯ ಹಾಸ್ಟೆಲ್‌ಗಳಿಗೂ ಹೋಗಲಿದೆ.