ಫೌಜಿನಲ್ಲಿ ಲಿಂಗ, ಗಡ್ಡ, ಆರತಿ ತಟ್ಟೆ: ನಿವೃತ್ತ ಸುಬೇದಾರ್ ಮೇಜರ್ ಅವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆ ಕಡೆಯ ತಾಯಿ):
ನಮಸ್ಕಾರ ಸರ್. ಮಗ ಅಗ್ನಿವೀರ್ ಆಗಿ ಆಯ್ಕೆ ಆಗಿದ್ದಾನೆ, ಬೆಂಗಳೂರಿನ ಎಂಇಜಿ ಸೆಂಟರ್‌ಗೆ ಹೋಗಬೇಕು. ನಾವು ಲಿಂಗಾಯತರು. ದೀಕ್ಷೆ ಆದಾಗಿನಿಂದ ಹುಡುಗ ಕೊರಳಲ್ಲಿನ ಲಿಂಗ ಬಿಚ್ಚಿಟ್ಟವನಲ್ಲ, ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕಲ್ಲ. ಅಲ್ಲಿ ಲಿಂಗ ತೆಗೆಸ್ತಾರೆ, ಮಾಂಸ ತಿನ್ನಿಸ್ತಾರೆ ಅಂತ ಯಾರೋ ತಲೆಗೆ ತುಂಬಿದ್ದಾರೆ. ಅವರಜ್ಜಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಿಜ ಹೇಳಿ.

ಉತ್ತರ:
ತಾಯಿ, ಮೊದಲು ಅಜ್ಜಿಗೆ ಊಟ ಬಡಿಸಿ. ಯಾರೂ ಲಿಂಗ ತೆಗೆಸಲ್ಲ. ಮಾಂಸವನ್ನೂ ತಿನ್ನಿಸಲ್ಲ. ಸಸ್ಯಾಹಾರಿ ಅಂತ ಮೊದಲ ದಿನವೇ ಬರೆಸಿಬಿಟ್ಟರೆ ಲಂಗರ್‌ನಲ್ಲಿ (ಫೌಜಿನ ಅಡುಗೆಮನೆ) ಮಾಂಸದ ಬದಲು ಹಾಲು, ಪನೀರ್ ಸಿಗುತ್ತೆ.

ನಾನು ಅದೇ ಎಂಇಜಿ, ಅಂದರೆ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸೇವೆ ಮುಗಿಸಿದವನು. ಅಲ್ಲಿ ನಮ್ಮ ದಕ್ಷಿಣದ ಹುಡುಗರೇ ಜಾಸ್ತಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರಿಗೂ ಒಂದೇ ಬ್ಯಾರಕ್, ಎಲ್ಲರನ್ನೂ ಕರೆಯೋದು 'ತಂಬಿ' ಅಂತಲೇ. ತರಬೇತಿ ಕೊಡುವ ಉಸ್ತಾದ್‌ಗಳ ಲೆಕ್ಕ ಸರಳ: ಸಮವಸ್ತ್ರದ ಒಳಗೆ ಏನಿದೆಯೋ ಅದು ನಿನ್ನದು, ಹೊರಗೆ ಕಾಣೋದು ಸರ್ಕಾರದ್ದು. ಜನಿವಾರ, ಶಿಲುಬೆ, ತಾಯತ, ಲಿಂಗ ಎಲ್ಲಕ್ಕೂ ಅದೇ ಮಾತು. ವಿಭೂತಿ ಮಾತ್ರ ಫಾಲಿನ್‌ಗೆ (ಮೈದಾನದಲ್ಲಿ ಸಾಲಾಗಿ ನಿಲ್ಲೋದಕ್ಕೆ) ಮುಂಚೆ ಒರೆಸಿಕೊಳ್ಳಬೇಕಾಗುತ್ತೆ. ಪೂಜೆ ಮುಗಿಸಿ ಹಚ್ಚಿಕೊಳ್ಳಲಿ, ಮೈದಾನಕ್ಕೆ ಬರುವಾಗ ಹಣೆ ಖಾಲಿ ಇರಲಿ, ಅಷ್ಟೇ.

ಕಷ್ಟ ಇರೋದು ನಿಯಮದಲ್ಲಲ್ಲ, ಗಡಿಯಾರದಲ್ಲಿ. ಇನ್ನೂ ಕತ್ತಲಿದ್ದಾಗಲೇ ಏಳಿಸುತ್ತಾರೆ. ಒಂದು ನಲ್ಲಿಯ ಮುಂದೆ ಹದಿನೈದು ಜನ ಮಗ್ ಹಿಡಿದು ನಿಂತಿರುತ್ತಾರೆ. ನನ್ನ ಪ್ಲಟೂನಿನಲ್ಲಿ ಬೈಲಹೊಂಗಲದ ಕಡೆಯ ಹುಡುಗನೊಬ್ಬನಿದ್ದ. ಎಲ್ಲರಿಗಿಂತ ಇಪ್ಪತ್ತು ನಿಮಿಷ ಮುಂಚೆ ಎದ್ದು, ತಣ್ಣೀರು ಹಾಕಿಕೊಂಡು, ತನ್ನ ಕಬ್ಬಿಣದ ಟ್ರಂಕಿನ ಮೇಲೆ ಕೂತು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿಬಿಡುತ್ತಿದ್ದ. ಪಕ್ಕದ ಮಂಚದ ಮಲಯಾಳಿ ಹುಡುಗ ಟಾರ್ಚ್ ಹಿಡಿಯುತ್ತಿದ್ದ. ಮಲಯಾಳಿಯ ಬೂಟಿಗೆ ಪಾಲಿಶ್ ಹೊಡೆಯೋದು ಇವನ ಪಾಳಿ. ಯಾವ ಅಧಿಕಾರಿಯೂ ಮಾಡಿಸಿದ ಒಪ್ಪಂದ ಅಲ್ಲ ಅದು.

ಒಂದು ಎಚ್ಚರಿಕೆ. ಲಿಂಗ ಇಡುವ ಬೆಳ್ಳಿ ಕರಡಿಗೆ ಕಳಿಸಬೇಡಿ. ಹಗ್ಗ ಹತ್ತುವಾಗ, ತೆವಳುವಾಗ ಎದೆಗೆ ಒತ್ತಿ ಗಾಯ ಆಗುತ್ತೆ, ದಾರ ಕಿತ್ತರೆ ಮಣ್ಣಿನಲ್ಲಿ ಹುಡುಕಬೇಕು. ಸ್ಯಾಪರ್ ಅಂದಮೇಲೆ ದೋಣಿ, ಸೇತುವೆ, ನೀರಿನ ಕೆಲಸವೂ ಇರುತ್ತೆ. ದಪ್ಪ ಹತ್ತಿ ಬಟ್ಟೆಯಲ್ಲಿ ಚೀಲ ಹೊಲಿದು, ಬನಿಯನ್ ಒಳಗೆ ಎದೆಗಂಟಿ ಕೂರುವ ಹಾಗೆ ಕಟ್ಟಿಕೊಳ್ಳಲಿ.

ತರಬೇತಿ ಮುಗಿದ ಮೇಲೆ ಕಸಂ ಪರೇಡ್ ಇರುತ್ತೆ, ನೀವೂ ಹೋಗಿ ನೋಡಿ. ಪಂಡಿತ್‌ಜೀ, ಮೌಲ್ವಿ ಸಾಬ್, ಪಾದ್ರಿ ಸಾಬ್ ತಂತಮ್ಮ ಗ್ರಂಥ ಹಿಡಿದು ನಿಂತಿರುತ್ತಾರೆ, ಹುಡುಗರು ತಮ್ಮ ಧರ್ಮದ ಗ್ರಂಥದ ಸಾಕ್ಷಿಯಾಗಿ ಪ್ರಮಾಣ ಮಾಡುತ್ತಾರೆ. ಇವರೆಲ್ಲ ಹೊರಗಿಂದ ಕರೆಸಿದವರಲ್ಲ. ನಾಯಬ್ ಸುಬೇದಾರ್ ಆಗಿ ಭರ್ತಿಯಾದ ಫೌಜಿಗಳೇ. ಪುಣೆಯ ರಾಷ್ಟ್ರೀಯ ಏಕತಾ ಸಂಸ್ಥೆಯಲ್ಲಿ ಇವರಿಗೆ ಬೇರೆ ಧರ್ಮಗಳ ಪಾಠವೂ ಆಗುತ್ತೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಸಾಹೇಬ್ರ, ಒಳಗಿಂದು ನಿಂದು ಅಂದ್ರಿ, ಖರೆ. ಗಡ್ಡ ಒಳಗ ಇಡಾಕ ಬರಂಗಿಲ್ಲಲ್ಲ? ನಮ್ಮ ತಮ್ಮ ಏರ್‌ಫೋರ್ಸ್‌ಗೆ ಪರೀಕ್ಷೆ ಬರದಾನ. ಸಿಖ್ಖರಿಗೆ ಒಂದು ನ್ಯಾಯ, ನಮ್ಮ ಮುಸ್ಲಿಮರಿಗೊಂದು ನ್ಯಾಯ ಯಾಕ್ರಿ?

ಉತ್ತರ:
ಭಾಯಿ, ಪ್ರಶ್ನೆ ನ್ಯಾಯವಾದದ್ದೇ. ಇದು ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದ ವಿಷಯ. ಮುಸ್ಲಿಂ ವಾಯುಯೋಧರೊಬ್ಬರು ಗಡ್ಡಕ್ಕೆ ಅನುಮತಿ ಕೇಳಿದರು, ಸಿಗಲಿಲ್ಲ. ತೆಗೆಯಲು ಒಪ್ಪದ್ದಕ್ಕೆ 2008ರಲ್ಲಿ ಮನೆಗೆ ಕಳಿಸಿದರು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಅವರ ಅರ್ಜಿ ವಜಾ ಮಾಡಿತು. ವಾಯುಪಡೆಯ 425ನೇ ನಿಯಮದಲ್ಲಿರುವುದು 'ಧರ್ಮ ಇಡು ಎನ್ನುತ್ತದೆಯೇ' ಎಂಬ ಪ್ರಶ್ನೆ ಅಲ್ಲ. 'ಕೂದಲು ಕತ್ತರಿಸಲೇಬಾರದು ಎಂದು ಧರ್ಮ ನಿಷೇಧಿಸಿದೆಯೇ' ಎಂಬ ಪ್ರಶ್ನೆ. ಸಿಖ್ಖರಿಗೆ ನಿಷೇಧ ಸ್ಪಷ್ಟವಾಗಿದೆ. ಇಸ್ಲಾಮಿನಲ್ಲಿ ಕಡ್ಡಾಯವೇ ಎಂದು ಪೀಠ ಕೇಳಿದಾಗ ಅರ್ಜಿದಾರರ ವಕೀಲರೇ ಬೇರೆ ಬೇರೆ ವ್ಯಾಖ್ಯಾನಗಳಿವೆ ಎಂದರು. ಕೇಸು ಬಿದ್ದದ್ದು ಅಲ್ಲಿ. ಹಳೇ ನಿಯಮದಡಿ 2002ರ ಜನವರಿ 1ಕ್ಕೆ ಮುಂಚೆ, ಗಡ್ಡದೊಂದಿಗೇ ಭರ್ತಿಯಾದ ಮುಸ್ಲಿಮರಿಗೆ ಮಾತ್ರ ರಿಯಾಯಿತಿ ಇತ್ತು. ಹಾಗಾಗಿ ತಮ್ಮನಿಗೆ ಈಗಲೇ ಹೇಳಿಬಿಡಿ, ಬೋಳಿಸಬೇಕಾಗುತ್ತೆ. ನೌಕಾಪಡೆಯಲ್ಲಿ ಕಥೆಯೇ ಬೇರೆ, ಅಲ್ಲಿ ಕಮಾಂಡಿಂಗ್ ಆಫೀಸರ್ ಒಪ್ಪಿದರೆ ಯಾವ ಧರ್ಮದವನಾದರೂ ಗಡ್ಡ ಬಿಡಬಹುದು. ಹಡಗಿನವರ ಹಳೇ ಶೋಕಿ ಅದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮಲ್ಲಿ ಪ್ರತಿ ನವೆಂಬರ್‌ಗೆ ಅಯ್ಯಪ್ಪ ಮಾಲೆ ಹಾಕುತ್ತೇನೆ, ನಲವತ್ತೊಂದು ದಿನ ಗಡ್ಡ ಬಿಡುತ್ತೇನೆ ಎಂದು ಬರುವ ತಂಬಿಗಳು ಇದ್ದೇ ಇರುತ್ತಿದ್ದರು. ನನ್ನ ಉತ್ತರ ಒಂದೇ: "ರಜೆ ಅರ್ಜಿ ಬರಿ. ಮನೆಗೆ ಹೋಗಿ ಮಾಲೆ ಹಾಕು, ಬೆಟ್ಟ ಹತ್ತು, ಬೋಳಿಸಿಕೊಂಡು ಬಾ." ನಿಮ್ಮ ತಮ್ಮನಿಗೆ ಬೇಡ ಎಂದದ್ದನ್ನು ಅವನಿಗೆ ಬಿಟ್ಟಿದ್ದರೆ ನಾನು ಎರಡನೇ ದಿನದಿಂದ ಪ್ಲಟೂನಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಗಡ್ಡ-ನಾಮದ ವಿಷಯಕ್ಕೆ ಕೈ ಹಾಕಿ ಸುಟ್ಟುಕೊಂಡ ಚರಿತ್ರೆ ನಮ್ಮ ಮದ್ರಾಸ್ ಸೈನ್ಯಕ್ಕೇ ಇದೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಮದ್ರಾಸ್ ಸೈನ್ಯದ ಕಮಾಂಡರ್ ಇನ್ ಚೀಫ್ ಕ್ರ್ಯಾಡಕ್, ಸಿಪಾಯಿಗಳು ಹಣೆಗೆ ನಾಮ ಇಡಬಾರದು, ಕಿವಿಗೆ ಒಂಟಿ ಹಾಕಬಾರದು, ಗದ್ದ ಬೋಳಿಸಬೇಕು, ಚರ್ಮದ ತುರಾಯಿ ಇರುವ ಟೋಪಿಯಂಥ ಪೇಟ ಇಡಬೇಕು ಎಂದು ಹುಕುಂ ಹೊರಡಿಸಿದ. ಹಿಂದೂಗಳಿಗೂ ಮುಸ್ಲಿಮರಿಗೂ ಒಟ್ಟಿಗೇ ಉರಿಯಿತು. 1806ರ ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆ ಹೊತ್ತಿಕೊಂಡಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದದ್ದೂ ಅದೇ ಕೋಟೆಯಲ್ಲಿ. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಆರ್ಕಾಟಿನಿಂದ ಕುದುರೆ ಪಡೆ ಬಂದು ಅದಕ್ಕಿಂತ ಹೆಚ್ಚು ಸಿಪಾಯಿಗಳನ್ನು ಕೊಂದಿತು. ಆಮೇಲೆ ಆ ಹುಕುಂ ವಾಪಸ್. ಕ್ರ್ಯಾಡಕ್, ಗವರ್ನರ್ ಬೆಂಟಿಂಕ್ ಇಬ್ಬರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡರು.

ಪ್ರಶ್ನೆ (ಮಂಗಳೂರಿನ ಸದಸ್ಯರು):
ಸರ್, ಗುಡಿಯ ಗರ್ಭಗೃಹದ ಒಳಗೆ ಹೋಗಲ್ಲ ಅಂದ ಕ್ರೈಸ್ತ ಲೆಫ್ಟಿನೆಂಟ್‌ನನ್ನು ಕೆಲಸದಿಂದ ತೆಗೆದದ್ದನ್ನು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತಲ್ಲ? ಅವರು ಪರೇಡ್‌ಗೆ ಬರ್ತಿದ್ರು, ಶೂ ಬಿಚ್ಚಿ ಹೊರಗೆ ನಿಲ್ತಿದ್ರು. ಇದು ಯಾವ ತಟಸ್ಥತೆ? ದಯವಿಟ್ಟು ಸುತ್ತಿ ಬಳಸಿ ಹೇಳಬೇಡಿ.

ಉತ್ತರ:
ಸುತ್ತಿ ಬಳಸಲ್ಲ. ನಾನೂ ಕ್ರೈಸ್ತನೇ, ಶಿರ್ವದ ಕಡೆಯವನು.

ಕೇಸು ಗೊತ್ತಿಲ್ಲದವರಿಗೆ: ಅವರು 2017ರಲ್ಲಿ 3ನೇ ಕ್ಯಾವಲ್ರಿ ಎಂಬ ಟ್ಯಾಂಕ್ ರೆಜಿಮೆಂಟ್ ಸೇರಿದರು. ಅಲ್ಲಿ ಸಿಖ್, ಜಾಟ್, ರಜಪೂತ್ ಸ್ಕ್ವಾಡ್ರನ್‌ಗಳು. ಇವರು ಸಿಖ್ ಜವಾನರ ಟ್ರೂಪ್ ಲೀಡರ್. ರೆಜಿಮೆಂಟಿನಲ್ಲಿ ಇದ್ದದ್ದು ಮಂದಿರ ಮತ್ತು ಗುರುದ್ವಾರ, ಸರ್ವಧರ್ಮ ಸ್ಥಳ ಇರಲಿಲ್ಲ. ಆರತಿ, ಹವನದ ಹೊತ್ತಿಗೆ ಒಳಗೆ ಬರಲು ತನ್ನ ಏಕದೇವ ನಂಬಿಕೆ ಬಿಡುವುದಿಲ್ಲ ಎಂದರು. ಮೇಲಧಿಕಾರಿಗಳು ಹೇಳಿದರು, ಚರ್ಚಿನ ಪಾದ್ರಿಯೊಬ್ಬರ ಹತ್ತಿರವೂ ಹೇಳಿಸಿದರು, ಕೇಳಲಿಲ್ಲ. 2021ರಲ್ಲಿ ಕೋರ್ಟ್ ಮಾರ್ಷಲ್ ಇಲ್ಲದೆ ಸೇವೆಯಿಂದ ತೆಗೆದರು. ಇದು ಧರ್ಮದ ಪ್ರಶ್ನೆಯಲ್ಲ, ಕಾನೂನುಬದ್ಧ ಆಜ್ಞೆಯ ಪ್ರಶ್ನೆ ಎಂದಿತು ದೆಹಲಿ ಹೈಕೋರ್ಟ್, 2025ರ ಮೇ 30ರಂದು. ಸುಪ್ರೀಂ ಕೋರ್ಟ್ ಇನ್ನೂ ಕಟುವಾಗಿ ಮಾತಾಡಿತು. ಬೆನ್ನಿಗಿರುವುದು ಸಂವಿಧಾನದ 33ನೇ ವಿಧಿ. ಸೇನೆಯಲ್ಲಿ ಶಿಸ್ತಿಗಾಗಿ ಮೂಲಭೂತ ಹಕ್ಕುಗಳನ್ನು ಎಷ್ಟು ಮೊಟಕು ಮಾಡಬೇಕೆಂದು ಸಂಸತ್ತು ತೀರ್ಮಾನಿಸಬಹುದು ಎನ್ನುತ್ತದೆ ಅದು.

ಈಗ ನನ್ನ ಮಾತು. ಧರ್ಮವನ್ನು ಗೇಟಿನ ಹೊರಗೆ ಬಿಟ್ಟು ಬಾ ಎನ್ನುವ ತಟಸ್ಥತೆ ನಮ್ಮದಲ್ಲ. ನಮ್ಮಲ್ಲಿ ಮೇಲಿನವನು ಕೆಳಗಿನವರ ದೇವರ ಮುಂದೆ ಹೋಗಿ ನಿಲ್ಲುತ್ತಾನೆ. ಕಾಶ್ಮೀರದ ಕುಪ್ವಾರಾದ ಮೇಲೆ ಒಂದು ಪೋಸ್ಟಿನಲ್ಲಿ ಗುಂಡಿನ ಪೆಟ್ಟಿಗೆಗಳನ್ನು ಅಡ್ಡ ಮಲಗಿಸಿ, ಮೇಲೆ ಕಂಬಳಿ ಹಾಸಿ ನಮ್ಮ ಸರ್ವಧರ್ಮ ಸ್ಥಳ ಮಾಡಿಕೊಂಡಿದ್ದೆವು. ಹನುಮಂತ, ಗುರುನಾನಕ್, ಮೆಕ್ಕಾ, ವೇಳಾಂಕಣಿ ಮಾತೆ, ನಾಲ್ಕೂ ಪಟಗಳಿಗೆ ಒಂದೇ ಪ್ಲಾಸ್ಟಿಕ್ ಹಾರ. ಹಿಮ ಬಿದ್ದು ದಾರಿ ಮುಚ್ಚಿದರೆ ಪಂಡಿತ್‌ಜೀ ಬರುತ್ತಿರಲಿಲ್ಲ. ಆಗ ಹಿರಿಯ ಜೆಸಿಓ (ಸುಬೇದಾರ್ ದರ್ಜೆಯ ಅಧಿಕಾರಿ) ನಾನೇ, ಆರತಿ ತಟ್ಟೆ ನನ್ನ ಕೈಗೇ. ರಂಜಾನಿನಲ್ಲಿ ಸೆಹ್ರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ಊಟಕ್ಕೆ, ಮೂರೂವರೆಗೆ ಲಂಗರ್ ಎಬ್ಬಿಸೋದೂ ನನ್ನದೇ ಕೆಲಸ. 'ನನ್ನ ಹೊರತು ಬೇರೆ ದೇವರು ನಿನಗಿರಬಾರದು' ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವನು ನಾನು. ಮೊದಲ ಸಲ ತಟ್ಟೆ ಹಿಡಿದಾಗ ಕೈ ಗಟ್ಟಿ ಇರಲಿಲ್ಲ. ಬಂಕರಿಗೆ ಬಂದು ತಿಲಕ ಒರೆಸಿಕೊಂಡು ಜಪಸರ ಹಿಡಿದೆ. ಮೂರನೇ ವಾರಕ್ಕೆ ಹೊತ್ತಾಯಿತು, ಹುಡುಗರು ಕಾಯುತ್ತಿದ್ದಾರೆ ಎನ್ನುವುದಷ್ಟೇ ತಲೆಯಲ್ಲಿತ್ತು. ಅವತ್ತು ರಾತ್ರಿ ಗಸ್ತಿಗೆ ನನ್ನ ಹಿಂದೆ ಬರುವವರು ಅವರೇ ತಾನೆ.

ಹಾಗಾಗಿ ಆ ಲೆಫ್ಟಿನೆಂಟ್ ಮಾಡಿದ್ದನ್ನು ನಾನು ಮಾಡುತ್ತಿರಲಿಲ್ಲ. ಆದರೆ ನಿಮ್ಮ ನೋವೂ ಸುಳ್ಳಲ್ಲ. ಹೊಸ್ತಿಲ ತನಕ ಬಂದವನು ದೇವರನ್ನು ಅವಮಾನಿಸಿದ ಎನ್ನಲು ನನಗೆ ಬಾಯಿ ಬರಲ್ಲ. ನನ್ನ ಕೈಯಲ್ಲಿದ್ದರೆ ಎಲ್ಲ ಜಾತಿ-ಧರ್ಮದವರು ಬೆರೆತಿರುವ ಬೇರೆ ಯೂನಿಟ್‌ಗೆ ಹಾಕುತ್ತಿದ್ದೆ. ಒಬ್ಬ ಅಧಿಕಾರಿಯನ್ನು ತಯಾರು ಮಾಡಿ ಮನೆಗೆ ಕಳಿಸೋದು ಇಬ್ಬರಿಗೂ ಸೋಲೇ. ತೊಡಕಿನ ಬೇರು ಇರೋದು ಬ್ರಿಟಿಷರು ಬಿಟ್ಟುಹೋದ ಜಾತಿ-ಪಂಗಡದ ಲೆಕ್ಕದ ರೆಜಿಮೆಂಟುಗಳಲ್ಲಿ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಗಾರ್ಡ್ಸ್ ರೆಜಿಮೆಂಟ್ ಕಟ್ಟುವಾಗ ದೇಶದ ಎಲ್ಲ ಕಡೆಯವರನ್ನೂ ಬೆರೆಸಿದ್ದು ಸುಮ್ಮನೆ ಅಲ್ಲ. ಅರ್ಧದಷ್ಟು ಮುಸ್ಲಿಮರಿರುವ ಜಮ್ಮು ಕಾಶ್ಮೀರ ಲೈಟ್ ಇನ್‌ಫೆಂಟ್ರಿಯಲ್ಲಿ ಮಂದಿರ, ಮಸೀದಿ ಒಂದೇ ಸೂರಿನಡಿ ಇರುತ್ತವೆ.

ಪ್ರಶ್ನೆ (ಮೈಸೂರಿನ ಸದಸ್ಯರು):
ಎರಡು ಕೇಳ್ತೀನಿ. ದೇವರೇ ಬೇಡ ಅನ್ನೋನು ಏನು ಮಾಡ್ಬೇಕು? ಮತ್ತೆ ಕೆಳಗಿನವರ ದೇವರ ಮುಂದೆ ನಿಲ್ಲೋದು ಸರಿ, ಆದ್ರೆ ದೊಡ್ಡ ಅಧಿಕಾರಿಗಳು ಸಮವಸ್ತ್ರದಲ್ಲೇ ಮಠ, ಆಶ್ರಮ ಸುತ್ತಿ ಫೋಟೋ ಹಾಕಿಸ್ತಾರಲ್ಲ, ಅದು?

ಉತ್ತರ:
ಮೊದಲನೆಯದು ಸುಲಭ. ದೇವರ ಹೆಸರು ಹೇಳದೆ ದೃಢೀಕರಿಸಿಯೂ ಪ್ರಮಾಣ ಸ್ವೀಕರಿಸಬಹುದು. ಭಾನುವಾರದ ಮಂದಿರ ಪರೇಡ್‌ನಲ್ಲಿ ಅವನೂ ಎಲ್ಲರ ಜೊತೆ ನಿಲ್ಲುತ್ತಾನೆ, ಮನಸ್ಸಿನಲ್ಲಿ ಕ್ರಿಕೆಟ್ ಸ್ಕೋರ್ ಹಾಕುತ್ತಿದ್ದರೆ ಯಾರಿಗೂ ಗೊತ್ತಾಗಲ್ಲ. ಕೊನೆಗೆ ಬಿಸಿ ಹಲ್ವಾ ಸಿಗುತ್ತೆ. ಅಂಥ ನಾಸ್ತಿಕನೊಬ್ಬ ಸಿಯಾಚಿನ್ ಹತ್ತುವ ಮುಂಚೆ, ಸತ್ತ ಮೇಲೂ ಜವಾನರನ್ನು ಕಾಯುತ್ತಾನೆಂದು ನಂಬುವ ಸೈನಿಕ ಓಪಿ ಬಾಬಾನ ಗುಡಿಗೆ ಹೋಗಿ ಎಲ್ಲರ ಹಾಗೆ ರಿಪೋರ್ಟ್ ಕೊಟ್ಟು ಬಂದದ್ದನ್ನು ನಾನೇ ಕಂಡಿದ್ದೇನೆ. ಕೇಳಿದರೆ "ಬಾಬಾ ದೇವರಲ್ಲ ಸಾಬ್, ಸೀನಿಯರ್" ಎಂದ.

ಎರಡನೆಯದು ನನಗೂ ಹಿಡಿಸಲ್ಲ. ರೆಜಿಮೆಂಟಿನ ಗುಡಿಯಲ್ಲಿ ಅಧಿಕಾರಿ ನಿಲ್ಲೋದು ತನ್ನ ಜವಾನರಿಗಾಗಿ. ಹೊರಗಿನ ಸ್ವಾಮಿಗಳ ಮುಂದೆ ಸಮವಸ್ತ್ರದಲ್ಲಿ ಕೂತರೆ ಯಾವ ಜವಾನನಿಗಾಗಿ? ಭಕ್ತಿ ಇದ್ದರೆ ರಜೆ ಹಾಕಿ ಪಂಚೆ ಉಟ್ಟುಕೊಂಡು ಹೋಗಲಿ. 2022ರ ಏಪ್ರಿಲ್‌ನಲ್ಲಿ ದೋಡಾದಲ್ಲಿ ರಾಷ್ಟ್ರೀಯ ರೈಫಲ್ಸ್ ಇಫ್ತಾರ್ ಕೂಟ ಮಾಡಿದ್ದರ ಫೋಟೋ ಹಾಕಿ, ಟೀಕೆ ಬಂದ ಕೂಡಲೇ ಅಳಿಸಿದರಲ್ಲ, ಅದೂ ನನಗೆ ಅಷ್ಟೇ ಚುಚ್ಚಿತು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಬ್ಯಾರಕ್‌ನಲ್ಲಿರುವ ಹುಡುಗ ಲೆಕ್ಕ ಹಾಕುತ್ತಾನೆ. ಅವನ ಕೈಯಲ್ಲೂ ಫೋನಿದೆ.

ಪ್ರಶ್ನೆ (ದಾವಣಗೆರೆಯ ತಾಯಿ, ಮತ್ತೆ):
ಸರ್, ಅಜ್ಜಿಗೆ ಎಲ್ಲ ಓದಿ ಹೇಳಿದೆ. ಊಟ ಮಾಡಿದ್ರು. ಚೀಲ ತಾವೇ ಹೊಲೀತೀನಿ ಅಂತ ಕೂತಿದ್ದಾರೆ. ಕಾವಿ ಬಟ್ಟೆ ಆಗುತ್ತಾ?

ಉತ್ತರ:
ಬಿಳಿಯದರಲ್ಲಿ ಹೊಲಿಯಲಿ, ಬನಿಯನ್ ಮೇಲಿಂದ ಕಾಣಲ್ಲ. ಎರಡು ಮಾಡಲಿ. ಒಂದು ಬೆವರಿಗೆ ನೆನೆದಾಗ ಇನ್ನೊಂದು ಒಣಗಿರಬೇಕು. ದಾರಕ್ಕೆ ಜೋಡಿ ಗಂಟು ಹಾಕೋದು ಹುಡುಗನಿಗೆ ಈಗಲೇ ಕಲಿಸಿ.